ಮನೆಯ ಮೋಟಾರು ಹೊರಡದಿದ್ದಾಗ

ಹೊಳೆನರಸೀಪುರದ ಸೀಮೆಯಲ್ಲಿ ಹಿಂದೆ ಎತ್ತಿನ ಗಾಡಿ ನಿಲ್ಲುತ್ತಿದ್ದ ಅನೇಕ ಅಂಗಳಗಳಲ್ಲಿ ಈಗ ಮೋಟಾರು ಕಾರು ನಿಂತಿರುವುದನ್ನು ಕಾಣುತ್ತೇವೆ. ಇದನ್ನು ಬರಿಯ ಆಡಂಬರವೆಂದು ತಳ್ಳಿಹಾಕುವಂತಿಲ್ಲ. ಪ್ರಸವವೇದನೆ, ಹಾವಿನ ಕಡಿತ, ಎದೆನೋವು ಇವು ಹೊತ್ತು ನೋಡಿ ಬರತಕ್ಕವುಗಳಲ್ಲ. ಹಾಸನದ ದೊಡ್ಡ ಆಸ್ಪತ್ರೆಯಾದರೋ ಇಲ್ಲಿಂದ 30 ಕಿಲೋಮೀಟರಿಗೂ ಆಚೆ. ಅಂತಹ ರಾತ್ರಿಯಲ್ಲಿ ಬೀಗದ ಕೈಯನ್ನು ಎಷ್ಟು ತಿರುಗಿಸಿದರೂ ಗಾಡಿ ಮಿಸುಕದಿದ್ದರೆ ಮನೆಯವರೆಲ್ಲರ ಧೈರ್ಯವೂ ಕುಗ್ಗಿಹೋಗುವುದು. ಆದಕಾರಣ ಈ ವಿಷಯದಲ್ಲಿ ಗೃಹಸ್ಥರು ತಿಳಿದಿರಬೇಕಾದ ಕೆಲವು ಸಂಗತಿಗಳನ್ನು ವಾಚಕರ ಮುಂದಿಡುತ್ತೇವೆ.

ಮೊದಲಿಗೆ ಒಂದು ಮಾತು. ಪ್ರಾಣಾಪಾಯವಿರುವಾಗ ಗಾಡಿಯ ಪರೀಕ್ಷೆ ಎರಡನೆಯದು. 2008ರಿಂದ ನಮ್ಮ ರಾಜ್ಯದಲ್ಲಿ 108ಕ್ಕೆ ದೂರವಾಣಿ ಮಾಡಿದರೆ ಆಂಬುಲೆನ್ಸು ಬರುವ ಏರ್ಪಾಡಿದೆ. ಒಬ್ಬರು ಅದನ್ನು ಕರೆಯಲಿ. ಇನ್ನೊಬ್ಬರು ಗಾಡಿಯನ್ನು ನೋಡಲಿ.

ತಾರ್ಕಿಕರು ಬೆಟ್ಟದ ಮೇಲೆ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯಿದೆಯೆಂದು ಊಹಿಸುತ್ತಾರಷ್ಟೆ. ಕಾಣುವ ಚಿಹ್ನೆಯಿಂದ ಕಾಣದ ಕಾರಣವನ್ನು ತಿಳಿಯುವ ಆ ಕ್ರಮವೇ ಇಲ್ಲಿಯೂ ಬೇಕಾದುದು. ಎಂಜಿನು ಹೊರಡಬೇಕಾದರೆ ಅದನ್ನು ಮೊದಲು ತಿರುಗಿಸುವ ಶಕ್ತಿ, ಗಾಳಿಯೊಡನೆ ಬೆರೆತ ಇಂಧನ, ಅದನ್ನು ಹೊತ್ತಿಸುವ ಕಿಡಿ ಈ ಮೂರೂ ಕೂಡಿಬರಬೇಕು. ಡೀಸೆಲ್ ಗಾಡಿಯಲ್ಲಿ ಕಿಡಿಯ ಬದಲು ಒತ್ತಿದ ಗಾಳಿಯ ಕಾವೇ ಆ ಕೆಲಸವನ್ನು ಮಾಡುವುದು. ಪೂರ್ವದಲ್ಲಿ ಎಂಜಿನನ್ನು ಮುಂಗಡೆಯ ಹಿಡಿಯಿಂದ ಮನುಷ್ಯನೇ ತಿರುಗಿಸಬೇಕಾಗಿತ್ತು. ಆ ಹಿಡಿ ಹಿಂದಕ್ಕೆ ಒದ್ದು ಕೈ ಮುರಿದುಕೊಂಡವರುಂಟು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ತಿನ ಸೆಲ್ಫು 1912ರ ಕ್ಯಾಡಿಲಾಕ್ ಗಾಡಿಗಳಲ್ಲಿ ಬಂದ ಮೇಲೆ ಆ ಕಷ್ಟವು ಕ್ರಮೇಣ ತಪ್ಪಿತು. ಆದರೆ ಭಾರವೆಲ್ಲವೂ ಬ್ಯಾಟರಿಯ ಮೇಲೆ ಬಿದ್ದಿತು.

ಆದುದರಿಂದ ಕೀಲಿಯನ್ನು ತಿರುಗಿಸಿ ಮೊದಲು ಕಿವಿಗೊಟ್ಟು ಕೇಳತಕ್ಕದ್ದು. ಟಕಟಕನೆ ಸದ್ದಾಗಿ ದೀಪಗಳು ಮಂಕಾದರೆ, ಅಥವಾ ದೀಪವೇ ಬಾರದಿದ್ದರೆ, ದೋಷವು ಬಹುಮಟ್ಟಿಗೆ ಬ್ಯಾಟರಿಯದೇ. ಅದರ ತುದಿಗಳಲ್ಲಿ ಬಿಳಿಯ ಅಥವಾ ಹಸಿರು ಪುಡಿ ಕಟ್ಟಿದೆಯೋ, ತಂತಿ ಸಡಿಲವಾಗಿದೆಯೋ ನೋಡಬೇಕು. ಪೂರ್ಣವಾಗಿ ತುಂಬಿದ ಬ್ಯಾಟರಿಯು ನಿಂತ ಗಾಡಿಯಲ್ಲಿ ಸುಮಾರು 12.6 ವೋಲ್ಟು ತೋರಿಸುವುದು. 12ಕ್ಕಿಂತ ಕೆಳಗಿಳಿದರೆ ಬರಿದಾದಂತೆಯೇ. ದೀಪಗಳು ಪ್ರಕಾಶವಾಗಿದ್ದೂ ಸೆಲ್ಫು ತಿರುಗದಿದ್ದರೆ, ಗಾಡಿ ನ್ಯೂಟ್ರಲ್‌ನಲ್ಲಿದೆಯೇ, ಕ್ಲಚ್ಚು ಪೂರ್ತಿ ಒತ್ತಿದೆಯೇ ಎಂದು ಮೊದಲು ನೋಡಿ. ಅದೂ ಸರಿಯಿದ್ದರೆ ಸೆಲ್ಫಿನಲ್ಲಿಯೋ ಅದರ ತಂತಿಯಲ್ಲಿಯೋ ದೋಷವಿರಬಹುದು. ಸೆಲ್ಫು ಚೆನ್ನಾಗಿ ತಿರುಗಿಯೂ ಎಂಜಿನು ಹತ್ತಿಕೊಳ್ಳದಿದ್ದರೆ ಬ್ಯಾಟರಿಯನ್ನು ಶಂಕಿಸಬೇಕಾದುದಿಲ್ಲ. ಟ್ಯಾಂಕಿಯಲ್ಲಿ ಇಂಧನವಿದೆಯೇ, ಬೀಗದ ಕೈಯ ಚಿತ್ರವುಳ್ಳ ದೀಪ ಮಿನುಗುತ್ತಿದೆಯೇ ಎಂಬುದನ್ನು ನೋಡಬೇಕು. ಆ ದೀಪ ಮಿನುಗುತ್ತಿದ್ದರೆ ಗಾಡಿಯು ಕೀಲಿಯನ್ನು ಗುರುತಿಸಲಿಲ್ಲವೆಂದರ್ಥ. ಮನೆಯಲ್ಲಿರುವ ಎರಡನೆಯ ಕೀಲಿಯಿಂದ ಪ್ರಯತ್ನಿಸಬಹುದು. ಸುಗ್ಗಿಯ ಕಾಲದಲ್ಲಿ ಕಣದ ಹತ್ತಿರ ನಿಂತ ಗಾಡಿಯಾದರೆ ಬಾನೆಟ್ಟು ತೆಗೆದು ಇಲಿ ತಂತಿಯನ್ನು ಕಡಿದಿದೆಯೇ ಎಂದೂ ಪರೀಕ್ಷಿಸತಕ್ಕದ್ದು. ಪೆಟ್ರೋಲಿನ ವಾಸನೆ ಬಲವಾಗಿ ಬಂದರೆ ಮುಂದೆ ಪ್ರಯತ್ನಿಸದೆ ಮೆಕ್ಯಾನಿಕ್ಕನ್ನು ಕರೆಯುವುದು ಲೇಸು.

ಬ್ಯಾಟರಿ ಬರಿದಾಗಿದ್ದರೆ ನೆರೆಯವರ ಕಾರಿನಿಂದ ತಂತಿ ಜೋಡಿಸಬಹುದು. ಕೆಂಪು ತಂತಿಯನ್ನು ಮೊದಲು ಬರಿದಾದ ಬ್ಯಾಟರಿಯ ಧನಾಗ್ರಕ್ಕೆ, ಬಳಿಕ ಒಳ್ಳೆಯದರ ಧನಾಗ್ರಕ್ಕೆ. ಕಪ್ಪು ತಂತಿಯನ್ನು ಒಳ್ಳೆಯದರ ಋಣಾಗ್ರಕ್ಕೆ, ಕೊನೆಯದಾಗಿ ನಿಂತ ಗಾಡಿಯ ಎಂಜಿನಿನ ಬರಿಯ ಲೋಹಕ್ಕೆ ಸೇರಿಸಬೇಕು. ಈ ಕೊನೆಯ ತುದಿಯನ್ನು ಬ್ಯಾಟರಿಯಿಂದ ದೂರವಿಡುವುದಕ್ಕೆ ಕಾರಣವಿದೆ: ಬ್ಯಾಟರಿಯಿಂದ ಹೊರಡುವ ಜಲಜನಕವು ಒಂದು ಕಿಡಿಗೇ ಸಿಡಿಯಬಲ್ಲದು. ಅನೇಕ ಲಾರಿ ಬಸ್ಸುಗಳಲ್ಲಿ 24 ವೋಲ್ಟಿನ ಏರ್ಪಾಡಿರುವುದರಿಂದ ಅವುಗಳಿಂದ ಜೋಡಿಸಲೇ ಬಾರದು. ಗೇರು ಹಾಕತಕ್ಕ ಗಾಡಿಯನ್ನು ನಾಲ್ಕು ಜನ ತಳ್ಳಿ, ಎರಡನೆಯ ಗೇರಿನಲ್ಲಿ ಕ್ಲಚ್ಚನ್ನು ಬಿಟ್ಟು ಹೊರಡಿಸುವುದುಂಟು. ಆದರೆ ಎಂಜಿನು ನಿಂತಿರುವಾಗ ಬ್ರೇಕೂ ಸ್ಟಿಯರಿಂಗೂ ಬಿಗಿಯಾಗಿರುವುದರಿಂದ ಇಳಿಜಾರಿನಲ್ಲಿ ಈ ಸಾಹಸ ಬೇಡ. ಆಟೋಮ್ಯಾಟಿಕ್ ಗಾಡಿಗೆ ಇದು ಸಲ್ಲದು.

ಸೆಲ್ಫನ್ನು ಒಂದೇ ಸಮನೆ ಹತ್ತು ಸೆಕೆಂಡಿಗಿಂತ ಹೆಚ್ಚು ಒತ್ತಬಾರದು. ನಡುವೆ ಒಂದು ನಿಮಿಷ ವಿರಾಮ ಕೊಡಬೇಕು. ಮಳೆಗಾಲದಲ್ಲಿ ನೀರಿನಲ್ಲಿ ಮುಳುಗಿ ನಿಂತ ಗಾಡಿಯನ್ನು ಹೊರಡಿಸಲು ಯತ್ನಿಸಿದರೆ ಎಂಜಿನೇ ಮುರಿಯಬಹುದು. ಎಂಜಿನು ಹತ್ತಿಕೊಂಡ ಮೇಲೆ ಮುಚ್ಚಿದ ಷೆಡ್ಡಿನಲ್ಲಿ ಓಡಿಸುತ್ತ ನಿಲ್ಲುವುದಂತೂ ಪ್ರಾಣಕ್ಕೇ ಸಂಚಕಾರ. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಚಿಕಿತ್ಸೆಗಿಂತ ಪಥ್ಯವೇ ಮೇಲು. ಮಕ್ಕಳು ಬೆಂಗಳೂರಿಗೆ ಹೊರಟುಹೋದ ಮೇಲೆ ತಿಂಗಳುಗಟ್ಟಲೆ ನಿಂತೇ ಇರುವ ಗಾಡಿಯ ಬ್ಯಾಟರಿ ತಾನಾಗಿಯೇ ಬರಿದಾಗುವುದು. ಧನುರ್ಮಾಸದ ಚಳಿಯಲ್ಲಿ ಅದರ ಶಕ್ತಿ ಇನ್ನೂ ಕುಂದುವುದು. ಆದುದರಿಂದ ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ಗಾಡಿಯನ್ನು ಓಡಿಸತಕ್ಕದ್ದು. ಬ್ಯಾಟರಿಗೆ ನಾಲ್ಕು ವರ್ಷ ತುಂಬುತ್ತ ಬಂದರೆ ಪರೀಕ್ಷೆ ಮಾಡಿಸಬೇಕು. ಜೋಡಿಸುವ ತಂತಿಯೂ ಒಂದು ಬ್ಯಾಟರಿ ದೀಪವೂ ಗಾಡಿಯಲ್ಲಿಯೇ ಇರಲಿ. ಮೆಕ್ಯಾನಿಕ್ಕಿನ ದೂರವಾಣಿ ಸಂಖ್ಯೆಯನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ. ಗಾಡಿ ನಡೆಸುವಾತನೊಬ್ಬನೇ ಇವನ್ನು ತಿಳಿದಿದ್ದರೆ ಸಾಲದು. ರೋಗಿಯ ಬಳಿ ಉಳಿಯುವವರೂ ಅಂಗಳಕ್ಕೆ ಓಡುವವರೂ ತಿಳಿದಿರಬೇಕೆಂಬುದು ನಮ್ಮ ಬಿನ್ನಹ.