ನೋಡುವವರೇ ವಿಚಾರಣೆ ಮಾಡುವ ಚಲಚ್ಚಿತ್ರ

ಹಳೇ ವಿದ್ಯಾರ್ಥಿನಿಯರ ಕೂಟದ ದಿನ ನಮ್ಮ ಹೈಸ್ಕೂಲಿನ ಕೆಳಸಾಲಿನ ನಾಲ್ಕು ಕೊಠಡಿಗಳು ಕತ್ತಲೆಯಾಗಿರುವವು. ಚಲಚ್ಚಿತ್ರ ನಿರ್ಮಾಣವನ್ನು ಅಭ್ಯಾಸಮಾಡುತ್ತಿರುವ ನಮ್ಮ ಹಳೇ ವಿದ್ಯಾರ್ಥಿನಿಯೊಬ್ಬಳು ಒಂಬತ್ತನೆಯ ತರಗತಿಯ ಮಕ್ಕಳನ್ನು ಕೂಡಿಸಿಕೊಂಡು ಅಲ್ಲಿ ಒಂದು ಕೊಲೆಯ ರಹಸ್ಯವನ್ನು ತೋರಿಸಲಿರುವಳು. ಕ್ರೈಸ್ತ ಹೆಣ್ಣುಮಕ್ಕಳ ಶಾಲೆಯಲ್ಲಿ ಕೊಲೆಯ ಕಥೆ ಯಾಕೆಂದು ತಾಯಿತಂದೆಗಳಲ್ಲಿ ಕೆಲವರು ಕೇಳಿರುವದು ನ್ಯಾಯವೇ ಸರಿ. ಆದರೆ ಅದಕ್ಕೆ ಉತ್ತರಕೊಡುವದಕ್ಕೆ ಮುಂಚೆ ಇಂಥ ಕೆಲಸವು ಏನು, ಅದನ್ನು ಯೋಜಿಸುವದು ಹೇಗೆ ಎಂಬದನ್ನು ವಿವರಿಸುವದು ಅವಶ್ಯವೆಂದು ನಮಗೆ ತೋರುತ್ತದೆ.

ಇದಕ್ಕೆ ವೀಡಿಯೋ ಇನ್‌ಸ್ಟಲೇಶನ್ ಎಂದು ಹೆಸರು. ಸಿನೆಮಾ ಮಂದಿರದಲ್ಲಿ ನಾವು ಕುಳಿತಿರುತ್ತೇವೆ, ಚಿತ್ರವು ನಡೆಯುತ್ತದೆ; ಇಲ್ಲಿಯೋ ಚಿತ್ರಗಳು ತಮ್ಮ ತಮ್ಮ ಸ್ಥಳದಲ್ಲಿ ನಿಂತಿರುತ್ತವೆ, ನಡೆಯುವವರು ನಾವು. ಒಂದೊಂದು ಕೊಠಡಿಯಲ್ಲಿ ಒಂದೊಂದು ತೆರೆ. ಯಾವದನ್ನು ಮೊದಲು ನೋಡಬೇಕು, ಎಷ್ಟು ಹೊತ್ತು ನಿಲ್ಲಬೇಕು ಎಂಬದು ನೋಡುವವರ ಇಷ್ಟ. ಕೊನೆಗೆ ಅಪರಾಧಿಯು ಇಂಥವನೆಂದು ಹೇಳುವವರೂ ಅವರೇ.

ನೋಡುವವರಿಗೆ ತೀರ್ಪನ್ನು ಒಪ್ಪಿಸುವ ಈ ಪದ್ಧತಿಯು ತೀರ ಹೊಸದಲ್ಲ. 1935ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ಆಡಿದ ಆಯ್ನ್ ರ್‍ಯಾಂಡ್ ಎಂಬವಳ ಕೊಲೆಮೊಕದ್ದಮೆಯ ನಾಟಕದಲ್ಲಿ ಪ್ರೇಕ್ಷಕರೊಳಗಿಂದಲೇ ಪಂಚರನ್ನು ಆರಿಸಿ ರಂಗದ ಮೇಲೆ ಕೂರಿಸುತ್ತಿದ್ದರು. ಅವರ ತೀರ್ಪಿಗೆ ತಕ್ಕಂತೆ ಮುಕ್ತಾಯವು ಬೇರೆಯಾಗುತ್ತಿತ್ತು. 1967ರಲ್ಲಿ ಕೆನಡಾದ ಮಾಂಟ್ರಿಯಲ್ ಪ್ರದರ್ಶನದಲ್ಲಿ ಚೆಕೊಸ್ಲೊವಾಕಿಯಾದವರು ಕಿನೋಆಟೊಮಾಟ್ ಎಂಬದನ್ನು ತೋರಿಸಿದರು. ಅಲ್ಲಿ ಪ್ರತಿಯೊಂದು ಆಸನಕ್ಕೂ ಒಂದು ಹಸುರು, ಒಂದು ಕೆಂಪು ಗುಂಡಿ. ನಡುನಡುವೆ ಚಿತ್ರವನ್ನು ನಿಲ್ಲಿಸಿ, ನಾಯಕನು ಈಗ ಏನು ಮಾಡಬೇಕೆಂದು ಜನರನ್ನು ಕೇಳಿ, ಹೆಚ್ಚು ಮತ ಬಿದ್ದ ಕಡೆಗೆ ಕಥೆಯನ್ನು ತಿರುಗಿಸುತ್ತಿದ್ದರು.

ಇಲ್ಲಿ ಸ್ವಲ್ಪ ಲೆಕ್ಕವನ್ನು ನೋಡಬೇಕು. ಕಥೆಯು ಒಂಬತ್ತು ಕಡೆ ಎರಡೆರಡು ದಾರಿಯಾಗಿ ಒಡೆಯುತ್ತಾ ಹೋದರೆ 512 ಮುಕ್ತಾಯಗಳಾಗುವವು; ದಾರಿಯಲ್ಲಿ ಬೇಕಾಗುವ ಚಿತ್ರದ ತುಣುಕುಗಳು ಒಟ್ಟು 1022. ತುಣುಕಿಗೆ ಒಂದೇ ನಿಮಿಷವೆಂದು ಹಿಡಿದರೂ 17 ಗಂಟೆಗೆ ಮಿಕ್ಕಿದ ಚಿತ್ರ! ಮಾಂಟ್ರಿಯಲ್‌ನಲ್ಲಿ ಈ ಕಷ್ಟವನ್ನು ತಪ್ಪಿಸಿಕೊಂಡ ಬಗೆ ಜಾಣತನದ್ದು: ಪ್ರತಿಯೊಂದು ಮತದ ಬಳಿಕವೂ ಎರಡು ದಾರಿಗಳು ತುಸುದೂರ ಹೋಗಿ ಪುನಃ ಕೂಡಿಕೊಳ್ಳುತ್ತಿದ್ದವು. ಯಾರು ಯಾವ ಗುಂಡಿ ಒತ್ತಿದರೂ ಕೊನೆಗೆ ಮನೆಯು ಸುಟ್ಟೇಹೋಗುತ್ತಿತ್ತು. ಚಲಚ್ಚಿತ್ರ ಕಲಿಯುವ ಹುಡುಗಿಯರು ಮೊಬೈಲನ್ನು ಕೈಗೆತ್ತಿಕೊಳ್ಳುವದಕ್ಕಿಂತ ಮುಂಚೆ ಈ ಲೆಕ್ಕವನ್ನು ಹಲಗೆಯ ಮೇಲೆ ಮಾಡಿನೋಡಲಿ ಎಂಬದು ನಮ್ಮ ಬಯಕೆ.

ಲೆಕ್ಕಕ್ಕಿಂತ ದೊಡ್ಡ ಪ್ರಶ್ನೆ ಮತ್ತೊಂದುಂಟು. ನೋಡುವವರ ಆಯ್ಕೆಗೆ ಯಾವದನ್ನು ಬಿಡಬೇಕು? 1985ರ ಕ್ಲೂ ಎಂಬ ಅಮೆರಿಕದ ಚಿತ್ರಕ್ಕೆ ಮೂರು ಮುಕ್ತಾಯಗಳಿದ್ದು, ಬೇರೆ ಬೇರೆ ಮಂದಿರಗಳಲ್ಲಿ ಬೇರೆ ಬೇರೆ ಮುಕ್ತಾಯವನ್ನು ತೋರಿಸಿದರು. ನಗುವದಕ್ಕೆ ಅದು ಸಾಕು. ಆದರೆ ಯಾರನ್ನು ಬೇಕಾದರೂ ಕೊಲೆಗಾರನನ್ನಾಗಿ ಮಾಡಬಹುದಾದರೆ ಸಾಕ್ಷ್ಯಕ್ಕೆ ಬೆಲೆಯೇನು? ನಮ್ಮ ಅಭಿಪ್ರಾಯದಲ್ಲಿ, ನಡೆದ ಸಂಗತಿಯು ಒಂದೇ ಆಗಿರಬೇಕು. ಅದನ್ನು ಹುಡುಕುವ ದಾರಿ ಮಾತ್ರ ಹಲವಾಗಿರಬೇಕು. 2015ರಲ್ಲಿ ಸ್ಯಾಮ್ ಬಾರ್ಲೋ ಎಂಬವರು ರಚಿಸಿದ ಹರ್ ಸ್ಟೋರಿ ಎಂಬ ಕಂಪ್ಯೂಟರ್ ಆಟವು ಈ ಮಾರ್ಗದ್ದು. ಪೊಲೀಸರು ಒಬ್ಬ ಹೆಂಗಸನ್ನು ವಿಚಾರಿಸಿದ ಚಿತ್ರದ ತುಣುಕುಗಳು ಅದರಲ್ಲಿವೆ. ನಾವು ಒಂದು ಶಬ್ದವನ್ನು ಬರೆದರೆ, ಆ ಶಬ್ದವನ್ನು ಅವಳು ಆಡಿದ ತುಣುಕುಗಳಲ್ಲಿ ಮೊದಲಿನ ಐದು ಮಾತ್ರ ನಮ್ಮೆದುರಿಗೆ ಬರುವವು. ಕಥೆಯನ್ನು ನಾವು ಬದಲಿಸಲಾರೆವು. ಒಳ್ಳೆಯ ಪ್ರಶ್ನೆಯನ್ನು ಮಾತ್ರ ಕೇಳಬಲ್ಲೆವು. ಪ್ರೊಟೆಸ್ಟಂಟರ ವೇದಪುಸ್ತಕದಲ್ಲಿ ಸೇರದಿರುವ ಸುಸನ್ನಳ ಚರಿತ್ರೆಯಲ್ಲಿ ದಾನಿಯೇಲನು ಮಾಡಿದ್ದೂ ಇದನ್ನೇ. ಇಬ್ಬರು ಹಿರಿಯರನ್ನು ಬೇರೆಬೇರೆಯಾಗಿ ನಿಲ್ಲಿಸಿ, ಯಾವ ಮರದ ಕೆಳಗೆ ಕಂಡಿರೆಂದು ಕೇಳಿದನು. ಒಬ್ಬನು ಒಂದು ಮರವನ್ನೂ ಮತ್ತೊಬ್ಬನು ಮತ್ತೊಂದನ್ನೂ ಹೇಳಿ ಸಿಕ್ಕಿಬಿದ್ದರು.

ನಮ್ಮ ಮಕ್ಕಳು ಆರಿಸಿಕೊಂಡದ್ದು ಅರಸುಗಳ ಮೊದಲನೆಯ ಪುಸ್ತಕದ 21ನೆಯ ಅಧ್ಯಾಯವನ್ನು, ಅಂದರೆ ನಾಬೋತನ ದ್ರಾಕ್ಷೇತೋಟದ ಸಂಗತಿಯನ್ನು. ಹೆಸರುಗಳನ್ನು ಹೇಳುವದಿಲ್ಲ, ಅರಮನೆಗೆ ಬದಲಾಗಿ ಒಂದು ಬಂಗಲೆ, ತೋಟಕ್ಕೆ ಬದಲಾಗಿ ಒಂದು ಹಿತ್ತಲು. ಮೊದಲನೆಯ ಕೊಠಡಿಯಲ್ಲಿ ಇಬ್ಬರು ಸಾಕ್ಷಿಗಳು ಎರಡು ತೆರೆಗಳ ಮೇಲೆ ಒಂದೇ ಮಾತನ್ನು ಪಾಠ ಒಪ್ಪಿಸಿದಂತೆ ಹೇಳುವರು. ಎರಡನೆಯದರಲ್ಲಿ ಊರಿನ ಹಿರಿಯನು ಕೈಯಲ್ಲಿ ಪತ್ರವನ್ನು ಹಿಡಿದು, ಬಂದ ಅಪ್ಪಣೆಯಂತೆ ನಡೆದೆನೆನ್ನುವನು. ಮೂರನೆಯದರಲ್ಲಿ ಯಜಮಾನನು ಊಟಬಿಟ್ಟು ಗೋಡೆಯ ಕಡೆಗೆ ಮುಖಮಾಡಿ ಮಲಗಿರುವನು. ಮುದ್ರೆ ತನ್ನದೇ, ಅದನ್ನು ಯಾರು ತೆಗೆದರೆಂದು ತಾನು ಕೇಳಲಿಲ್ಲ, ಎಂಬದಷ್ಟೇ ಅವನ ಮಾತು. ಯಜಮಾನಿಯ ಮುಖವು ಎಲ್ಲಿಯೂ ಕಾಣುವದಿಲ್ಲ, ಬರೆಯುವ ಕೈ ಮಾತ್ರ ಒಮ್ಮೆ ಕಾಣುವದು. ಕಥೆಯನ್ನು ಇಲ್ಲಿಯೇ ಬಯಲುಮಾಡಿದೆವೆಂದು ಮಕ್ಕಳು ಮುನಿಯಬೇಕಾಗಿಲ್ಲ, ವೇದಪಾಠ ಕಲಿತವರು ಎರಡನೆಯ ಕೊಠಡಿಯಲ್ಲಿಯೇ ಗುರುತಿಸುವರು. ಬರೆದವಳೋ, ಸುಳ್ಳು ಹೇಳಿದವರೋ, ಕಲ್ಲೆಸೆದವರೋ, ಕೇಳದೆ ಮಲಗಿದ್ದವನೋ? ಯಾರ ಹೆಸರನ್ನು ಚೀಟಿಯಲ್ಲಿ ಬರೆಯುವಿರಿ ಎಂಬದೇ ಅಲ್ಲಿಯ ರಹಸ್ಯ. ಎಲೀಯನು ಅಪರಾಧವನ್ನು ಮೊದಲು ಹೊರಿಸಿದ್ದು ಅರಸನ ಮೇಲೆ.

ಯೋಜನೆಯು ಒಂದು ದೊಡ್ಡ ಕಾಗದದಿಂದ ಆರಂಭವಾಯಿತು. ಒಂದು ಅಂಕಣದಲ್ಲಿ ನಿಜವಾಗಿ ನಡೆದದ್ದು, ಹೊತ್ತುಹೊತ್ತಿಗೆ. ಪಕ್ಕದಲ್ಲಿ ಒಬ್ಬೊಬ್ಬನು ಕಂಡದ್ದು, ಹೇಳುವದು, ಮರೆಮಾಡುವದು. ಮೊದಲನೆಯ ಅಂಕಣವು ತುಂಬುವ ತನಕ ಸಂಭಾಷಣೆಯ ಒಂದು ಸಾಲನ್ನೂ ಬರೆಯಕೂಡದೆಂದು ನಿಯಮ. ಜನರು ಯಾವ ಬಾಗಲಿಂದ ಬರುವರೋ ತಿಳಿಯದಾದಕಾರಣ ಮುದ್ರೆಯ ಸುಳಿವನ್ನು ಒಂದೇ ಕಡೆ ಇಟ್ಟರೆ ಸಾಲದು. ಮೂರು ಕೊಠಡಿಗಳಲ್ಲಿಯೂ ಬೇರೆಬೇರೆ ರೂಪದಲ್ಲಿ ಇಟ್ಟಿದ್ದಾರೆ. ಆಮೇಲೆ ರಟ್ಟಿನ ಚೀಟಿಗಳನ್ನು ಬೆಂಚುಗಳ ಮೇಲಿಟ್ಟು, ಕಥೆಯನ್ನೇ ತಿಳಿಯದ ಏಳನೆಯ ತರಗತಿಯ ಹುಡುಗಿಯರನ್ನು ನಡೆಸಿದರು. ಬರೆದವರ ಕಣ್ಣಿಗೆ ಬೀಳದ ತೂತುಗಳು ಇವರಿಗೆ ಐದು ನಿಮಿಷದಲ್ಲಿ ಕಂಡವು.

ಮಿಕ್ಕಾದವು ಗೃಹಕೃತ್ಯದಂಥ ಸಂಗತಿಗಳು. ಒಂದೊಂದು ಚಿತ್ರವು ಎರಡು ನಿಮಿಷಕ್ಕೆ ಮೀರದೆ ತಿರುಗಿ ತಿರುಗಿ ಬರಬೇಕು, ನಡುವೆ ಬಂದವರಿಗೂ ಅರ್ಥವಾಗಬೇಕು. ಒಂದು ಕೊಠಡಿಯ ಧ್ವನಿ ಮತ್ತೊಂದಕ್ಕೆ ನುಗ್ಗದಂತೆ ಹೆಡ್‌ಫೋನುಗಳಿರಬೇಕು. ಕಿವಿ ಮಂದವಾದ ಅಜ್ಜಿಯರಿಗೋಸ್ಕರ ಮಾತನ್ನು ತೆರೆಯ ಕೆಳಗೆ ಬರಹದಲ್ಲಿಯೂ ಕೊಡಬೇಕು. ತಂತಿಗಳು ಕಾಲಿಗೆ ತೊಡಕಬಾರದು.

ಈಗ ತಾಯಿತಂದೆಗಳ ಪ್ರಶ್ನೆ. ರಕ್ತವಾಗಲಿ, ಶವವಾಗಲಿ, ಕಲ್ಲೆಸೆಯುವದಾಗಲಿ ಎಲ್ಲಿಯೂ ಕಾಣುವದಿಲ್ಲ. ಮನೆಯಲ್ಲಿ ಇಂಥ ಮರಣವನ್ನು ಕಂಡವರು ಬಂದಾರೆಂಬದರಿಂದ ಬಾಗಲಲ್ಲಿ ಒಂದು ಸೂಚನೆಯನ್ನೂ ಹಾಕುವೆವು. ಇಂಥ ಕಥೆಗಳಲ್ಲಿ ಸತ್ತವನು ಒಗಟಿನ ಒಂದು ತುಂಡಾಗಿ ಮಾತ್ರ ಉಳಿಯುವದುಂಟು. ಅದು ನಮಗೆ ಸೇರದು. ಮಕ್ಕಳಿಗೂ ಸೇರಲಿಲ್ಲ. ಆದದರಿಂದ ನಾಲ್ಕನೆಯ ಕೊಠಡಿಯನ್ನು ಅವನಿಗಾಗಿಯೇ ಬಿಟ್ಟಿದ್ದಾರೆ. ತಂದೆತಾತಂದಿರ ನೆಲವನ್ನು ಮಾರಲೊಲ್ಲದವನು ಬೆಳಗಿನ ಬಿಸಿಲಲ್ಲಿ ಬಳ್ಳಿಗೆ ನೀರೆರೆಯುತ್ತಿರುವನು, ಅಷ್ಟೇ, ಮಾತಿಲ್ಲ. ಚೀಟಿ ಹಾಕುವ ಪೆಟ್ಟಿಗೆ ಆ ತೆರೆಯ ಮುಂದೆಯೇ ಇರುವದು. ಅವನನ್ನು ನೋಡದೆ ಯಾರೂ ಯಾರ ಮೇಲೆಯೂ ತಪ್ಪುಹೊರಿಸಲಾಗದು.

ಕಿಟಕಿಗಳನ್ನು ಮುಚ್ಚುವದಕ್ಕೆ ದಪ್ಪನೆಯ ಕಪ್ಪು ಬಟ್ಟೆ ಇನ್ನೂ ಬೇಕಾಗಿದೆ. ಮನೆಯಲ್ಲಿ ಹಳೇ ಪರದೆಗಳಿರುವವರು ಕೂಟಕ್ಕೆ ಒಂದು ವಾರ ಮುಂಚೆ, ಮೂಲೆಯಲ್ಲಿ ಹೆಸರು ಹೊಲಿದು, ಶಾಲೆಯ ಆಫೀಸಿಗೆ ತಲುಪಿಸಿದರೆ ಉಪಕಾರವಾಗುವದು.