ಎರಡೇ ಆಸನ, ಮಂಜಿನ ಮುಂಜಾವು: ಕೈಗೆಟುಕುವ ಸ್ಪೋರ್ಟ್ಸ್ ಕಾರಿನ ಲೆಕ್ಕಾಚಾರ

ಮುಳಬಾಗಿಲಿನ ವರ್ತಕರಿಗೆ ಎರಡು ಆಸನದ ವಾಹನವೆಂದರೆ ಮೊದಲು ನೆನಪಾಗುವುದು 2005ರಲ್ಲಿ ಮಾರುಕಟ್ಟೆಗೆ ಬಂದ ಟಾಟಾ ಏಸ್. ಟೊಮೆಟೊ ಕ್ರೇಟುಗಳನ್ನು ಹೊತ್ತು ನಸುಕಿನಲ್ಲೇ ವಡ್ಡಹಳ್ಳಿ ಮಾರುಕಟ್ಟೆಗೆ ಓಡುವ ಆ ವಾಹನ ತನ್ನ ಖರ್ಚನ್ನು ತಾನೇ ದುಡಿದುಕೊಳ್ಳುತ್ತದೆ. ಆದರೆ ಹೆದ್ದಾರಿ ಚತುಷ್ಪಥವಾಗಿ, ಮನೆಯ ಎರಡನೆಯ ತಲೆಮಾರು ವ್ಯಾಪಾರಕ್ಕೆ ಕೈಜೋಡಿಸಿದ ಮೇಲೆ, ಇನ್ನೊಂದು ಬಗೆಯ ಎರಡು ಆಸನದ ವಾಹನದ ಆಸೆಯೂ ಅಲ್ಲಲ್ಲಿ ತಲೆಯೆತ್ತುವುದುಂಟು. ಅದೇ ಸ್ಪೋರ್ಟ್ಸ್ ಕಾರು. ಬೆಲೆ ಕೈಗೆಟುಕಬೇಕು, ಚಳಿಗಾಲದಲ್ಲೂ ಓಡಬೇಕು ಎಂಬ ಎರಡು ಷರತ್ತುಗಳನ್ನು ಸೇರಿಸಿದೊಡನೆ ಹುಡುಕಾಟ ಕಠಿಣವಾಗುತ್ತದೆ.

ಇಂಥ ಕಾರು ನಮ್ಮ ರಾಜ್ಯದವರಿಗೆ ಹೊಸ ಕಲ್ಪನೆಯೇನಲ್ಲ. ರೈಲ್ವೆ ಎಂಜಿನುಗಳ ತಯಾರಿಕೆಯಲ್ಲಿ ಹೆಸರಾದ ಬೆಂಗಳೂರಿನ ಸ್ಯಾನ್ ಎಂಜಿನಿಯರಿಂಗ್ ಅಂಡ್ ಲೋಕೊಮೋಟಿವ್ ಸಂಸ್ಥೆಯ ಅಂಗವಾದ ಸ್ಯಾನ್ ಮೋಟಾರ್ಸ್ 1990ರ ದಶಕದ ಕೊನೆಯಲ್ಲಿ 'ಸ್ಯಾನ್ ಸ್ಟಾರ್ಮ್' ಎಂಬ ಎರಡು ಆಸನದ, ಬಟ್ಟೆಯ ಮಾಡು ತೆರೆಯಬಹುದಾದ ಕಾರನ್ನು ಹೊರತಂದಿತು. ವಿನ್ಯಾಸ ಫ್ರಾನ್ಸಿನದು. ಎಂಜಿನ್ ರೆನೋ ಸಂಸ್ಥೆಯ 1149 ಸಿ.ಸಿ. ಪೆಟ್ರೋಲ್ ಎಂಜಿನ್, ಶಕ್ತಿ 60 ಅಶ್ವಶಕ್ತಿ. ಕವಚ ಉಕ್ಕಿನದಲ್ಲ, ಫೈಬರ್‌ಗ್ಲಾಸಿನದು. ಓಟದ ಸ್ಪರ್ಧೆಗೆ ಈ ಶಕ್ತಿ ಸಾಲದು, ನಿಜ. ಆದರೆ ಹಗುರವಾದ ಪುಟ್ಟ ಕಾರಿಗೆ, ಕೋಲಾರದಿಂದ ಮುಳಬಾಗಿಲಿನವರೆಗಿನ ಮೂವತ್ತು ಕಿಲೋಮೀಟರ್ ದಾರಿಗೆ, ಅದು ಧಾರಾಳವಾಗಿ ಸಾಕು.

ಕವಚಕ್ಕೆ ಫೈಬರ್‌ಗ್ಲಾಸನ್ನೇ ಏಕೆ ಆರಿಸಿದರೆಂಬುದನ್ನು ಸಣ್ಣ ಉದ್ದಿಮೆದಾರರು ಬೇಗ ಗ್ರಹಿಸಬಲ್ಲರು. ಉಕ್ಕಿನ ತಗಡನ್ನು ಒತ್ತಲು ಬೇಕಾದ ಡೈಗಳಿಗೆ ಭಾರಿ ಬಂಡವಾಳ ತೊಡಗಿಸಬೇಕು. ಆ ಮೊತ್ತವನ್ನು ಲಕ್ಷಗಟ್ಟಲೆ ಕಾರುಗಳ ಮೇಲೆ ಹಂಚಿದರೆ ಪ್ರತಿ ಕಾರಿಗೆ ಬೀಳುವ ಹೊರೆ ಅಲ್ಪ, ಕೆಲವೇ ನೂರು ಕಾರುಗಳ ಮೇಲೆ ಹಂಚಿದರೆ ಅಸಾಧ್ಯ. ಫೈಬರ್‌ಗ್ಲಾಸಿನ ಅಚ್ಚು ಅಗ್ಗ, ಆದರೆ ಪ್ರತಿ ತುಂಡಿಗೂ ಕೈಕೆಲಸ ಹೆಚ್ಚು, ಸಮಯವೂ ಹೆಚ್ಚು. ಅಂದರೆ ಸ್ಥಿರ ವೆಚ್ಚ ಇಳಿದು ಬದಲಾಗುವ ವೆಚ್ಚ ಏರುತ್ತದೆ, ಉತ್ಪಾದನೆ ಹೆಚ್ಚಿದರೂ ಬೆಲೆ ಅಷ್ಟಾಗಿ ಇಳಿಯುವುದಿಲ್ಲ. 1982ರಲ್ಲಿ ಬಂದ ಬೆಂಗಳೂರಿನ ಸಿಪಾನಿ ಡಾಲ್ಫಿನ್ ಕಾರಿನದೂ ಫೈಬರ್‌ಗ್ಲಾಸ್ ಕವಚವೇ. ಉಕ್ಕಿನ ಕವಚದ ಮಾರುತಿ 800 ಬಂದ ಮೇಲೆ ಅದರ ಸ್ಥಿತಿ ಏನಾಯಿತೆಂಬುದು ಹಿರಿಯ ಸದಸ್ಯರಿಗೆ ತಿಳಿದದ್ದೇ. ಸ್ಯಾನ್ ಸ್ಟಾರ್ಮ್ ಕೂಡ ಅಲ್ಪ ಸಂಖ್ಯೆಯಲ್ಲಿ ತಯಾರಾಗಿ ನಿಂತುಹೋಯಿತು. ಇದಕ್ಕೆ ತದ್ವಿರುದ್ಧವಾಗಿ, 1989ರಲ್ಲಿ ಆರಂಭವಾದ ಜಪಾನಿನ ಮಜ್ದಾ ಎಂಎಕ್ಸ್-5 ಕಾರು 2016ರಲ್ಲಿ ಹತ್ತು ಲಕ್ಷದ ಸಂಖ್ಯೆಯನ್ನು ತಲುಪಿತು. ಹೊರದೇಶಗಳಲ್ಲಿ ಮಧ್ಯಮ ವರ್ಗದವರೂ ಅದನ್ನು ಕೊಳ್ಳಬಲ್ಲರೆಂದರೆ ಈ ಸಂಖ್ಯೆಯೇ ಕಾರಣ. ಆ ಕಾರು ಭಾರತದಲ್ಲಿ ಮಾರಾಟಕ್ಕಿಲ್ಲ. ಬಳಸಿದ್ದನ್ನು ಆಮದು ಮಾಡಿಕೊಳ್ಳೋಣವೆಂದರೆ ಅದು ಮೂರು ವರ್ಷಕ್ಕಿಂತ ಹಳೆಯದಿರಕೂಡದು, ಸುಂಕವೂ ಕಾರಿನ ಬೆಲೆಯನ್ನೇ ಮೀರಿಸುತ್ತದೆ.

ಹೊಸ ಕಾರುಗಳತ್ತ ನೋಡಿದರೆ, 2025ರ ಜುಲೈನಲ್ಲಿ ಎಂಜಿ ಸಂಸ್ಥೆಯು ಎರಡು ಆಸನದ ವಿದ್ಯುತ್ ಕಾರು 'ಸೈಬರ್‌ಸ್ಟರ್' ಅನ್ನು ಬಿಡುಗಡೆ ಮಾಡಿದಾಗ ಷೋರೂಂ ಬೆಲೆ ಸುಮಾರು 75 ಲಕ್ಷ ರೂಪಾಯಿ. ಆ ಮೊತ್ತಕ್ಕೆ ಮಾಲೂರಿನಲ್ಲೋ ವೇಮಗಲ್‌ನಲ್ಲೋ ಒಂದು ಸಣ್ಣ ಘಟಕಕ್ಕೆ ಯಂತ್ರಗಳನ್ನು ಕೂಡಿಸಬಹುದು. ಇದನ್ನು ಕೈಗೆಟುಕುವ ಪಟ್ಟಿಯಲ್ಲಿ ಇಡಲಾಗದು.

ಚಳಿಗಾಲದ ಷರತ್ತನ್ನು ಅರಿಯಲು ಬೆಂಗಳೂರಿನದೇ ಇನ್ನೊಂದು ಕಾರು, ರೇವಾ, ನೆರವಾಗುತ್ತದೆ. ಮೈನಿ ಸಮೂಹ ಮತ್ತು ಅಮೆರಿಕದ ಅಮೆರಿಗಾನ್ ಸಂಸ್ಥೆಗಳ ಸಹಯೋಗದಲ್ಲಿ ಹುಟ್ಟಿ 2001ರಲ್ಲಿ ಮಾರುಕಟ್ಟೆಗೆ ಬಂದ ಈ ವಿದ್ಯುತ್ ಕಾರಿನಲ್ಲಿ ಮುಂದೆ ಇಬ್ಬರು ದೊಡ್ಡವರು, ಹಿಂದೆ ಇಬ್ಬರು ಮಕ್ಕಳು ಕೂರಬಹುದಿತ್ತು. ಲಂಡನ್ನಿನಲ್ಲಿ 'ಜಿ-ವಿಜ್' ಎಂಬ ಹೆಸರಿನಿಂದ ಓಡಿತು. ಅಲ್ಲಿಯ ನಗರ ಪ್ರವೇಶ ಶುಲ್ಕದಿಂದ ವಿನಾಯಿತಿ ಇದ್ದುದು ಅದರ ಮುಖ್ಯ ಆಕರ್ಷಣೆ. ಆದರೆ ಸೀಸ-ಆಮ್ಲ ಬ್ಯಾಟರಿಯ ಸಾಮರ್ಥ್ಯ ಚಳಿಯಲ್ಲಿ ಕುಗ್ಗುತ್ತದೆ, ಹೀಟರ್ ಹಾಕಿದರೆ ಮತ್ತಷ್ಟು. ಹೀಗಾಗಿ ಜನವರಿಯಲ್ಲಿ ಕ್ರಮಿಸಬಹುದಾದ ದೂರ ಜುಲೈಗಿಂತ ಕಡಿಮೆ. 2010ರಲ್ಲಿ ಮಹೀಂದ್ರ ಸಂಸ್ಥೆಯು ರೇವಾದ ಬಹುಪಾಲು ಷೇರುಗಳನ್ನು ಕೊಂಡಿತು. 2013ರಲ್ಲಿ ಬಂದ ಅದರ ಉತ್ತರಾಧಿಕಾರಿಯಲ್ಲಿ ನಾಲ್ವರಿಗೆ ಆಸನವಿತ್ತು. ಭಾರತದ ಗ್ರಾಹಕ ಕಾರನ್ನು ಕೊಳ್ಳುವುದು ಸಂಸಾರಕ್ಕಾಗಿ ಎಂಬುದನ್ನು ತಯಾರಕರು ಬಲ್ಲರು.

ಮುಳಬಾಗಿಲಿನ ಚಳಿಗಾಲ ಲಂಡನ್ನಿನದಲ್ಲ. ಇಲ್ಲಿ ಹಿಮವಿಲ್ಲ, ರಸ್ತೆಗೆ ಸುರಿಯುವ ಉಪ್ಪಿಲ್ಲ, ವಿಶೇಷ ಟೈರುಗಳ ಅಗತ್ಯವೂ ಇಲ್ಲ. ಇಲ್ಲಿರುವುದು ಹಿಂಗಾರಿನ ಜಿಟಿಜಿಟಿ ಮಳೆ, ಅದರ ಬೆನ್ನಿಗೇ ಬರುವ ಮಂಜು. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಬಂಗಾಳಕೊಲ್ಲಿಯ ವಾಯುಭಾರ ಕುಸಿತಗಳು ಕೋಲಾರ ಜಿಲ್ಲೆಯನ್ನು ನೆನೆಸುತ್ತವೆ. ಬಟ್ಟೆಯ ಮಾಡಿನ ಹೊಲಿಗೆ, ಬಾಗಿಲಿನ ರಬ್ಬರು ಹಳತಾಗಿದ್ದರೆ ನೀರು ಸೀಟಿಗೇ ಇಳಿಯುತ್ತದೆ. ಪುಷ್ಯದ ಮುಂಜಾವಿನಲ್ಲಿ ನಂಗಲಿ ಕಡೆಯ ದಾರಿಯಲ್ಲಿ ಮಂಜು ದಟ್ಟವಾದಾಗ ಇಬ್ಬರ ಉಸಿರೇ ಆ ಪುಟ್ಟ ಕೋಣೆಯ ಗಾಜನ್ನು ಮಸುಕಾಗಿಸಲು ಸಾಕು. ಆದ್ದರಿಂದ ಗಾಜಿಗೆ ಬಿಸಿಗಾಳಿ ಊದುವ ವ್ಯವಸ್ಥೆ, ವೈಪರ್, ಹಿಂದಿನ ಮಂಜುದೀಪ ಇವುಗಳ ಸ್ಥಿತಿಯನ್ನು ಎಂಜಿನ್ನಿಗಿಂತ ಮೊದಲು ನೋಡಬೇಕು. ನೆಲಕ್ಕೆ ತಗ್ಗಿ ಕೂತ ಕಾರು ಲಾರಿ ಚಾಲಕನ ಕಣ್ಣಿಗೆ ಬೀಳುವುದೇ ಕಷ್ಟ, ಮಂಜಿನಲ್ಲಂತೂ ಕೇಳಬೇಕಿಲ್ಲ. ಊರೊಳಗಿನ ರಸ್ತೆಯುಬ್ಬುಗಳ ಮಾತು ಬೇರೆ. ದೋಸೆಗೆಂದು ಪೇಟೆಯೊಳಕ್ಕೆ ಹೋದವರು ಕಾರಿನ ತಳವನ್ನು ಉಜ್ಜಿಸಿಕೊಂಡು ಬರಬೇಕಾದೀತು.

ಹೀಗೆ ಉಳಿಯುವ ದಾರಿ ಹಳೆಯ ಕಾರೊಂದೇ. ಸ್ಯಾನ್ ಸ್ಟಾರ್ಮ್ ದೊರೆತರೂ ಅದರ ವಯಸ್ಸು 20 ವರ್ಷ ಮೀರಿರುವ ಸಂಭವವೇ ಹೆಚ್ಚು. ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರುಗಳಿಗೆ 10,000 ಎಂದು ನಿಗದಿಯಾಯಿತು. ಹಸಿರು ತೆರಿಗೆ ಪ್ರತ್ಯೇಕ. ಫೈಬರ್‌ಗ್ಲಾಸ್ ತುಕ್ಕು ಹಿಡಿಯದು, ಬಿರುಕು ಬಿಟ್ಟರೆ ಊರಿನ ಫೈಬರ್ ಕೆಲಸಗಾರರೇ ಸರಿಪಡಿಸಬಲ್ಲರು. ಕೆಳಗಿನ ಉಕ್ಕಿನ ಚೌಕಟ್ಟು ಮಾತ್ರ ತುಕ್ಕು ಹಿಡಿದೀತು. ಹೊರಗಿನ ಹೊಳಪಿಗೆ ಮರುಳಾಗದೆ ಕಾರನ್ನು ಎತ್ತಿಸಿ ತಳವನ್ನು ನೋಡುವುದು ಅವಶ್ಯ.

ಕಾರನ್ನು ಸಂಸ್ಥೆಯ ಹೆಸರಿನಲ್ಲಿ ಕೊಂಡರೆ ತೆರಿಗೆ ಉಳಿಯುತ್ತದೆಂಬ ನಂಬಿಕೆ ವರ್ತಕರಲ್ಲಿ ವ್ಯಾಪಕವಾಗಿದೆ. ಅದು ಅರ್ಧ ಸತ್ಯ. ಸರಕು ಸಾಗಿಸುವ ಎರಡು ಆಸನದ ವಾಹನಕ್ಕೆ ತೆತ್ತ ಜಿಎಸ್‌ಟಿಗೆ ಹೂಡುವಳಿ ತೆರಿಗೆ ಜಮೆ ದೊರೆಯುತ್ತದೆ. ಎರಡು ಆಸನದ ಕಾರಿಗೆ, ಕಾರಿನ ವ್ಯಾಪಾರಿ, ಟ್ಯಾಕ್ಸಿ ಸೇವೆ, ಚಾಲನಾ ಶಾಲೆಯಂಥವರನ್ನು ಬಿಟ್ಟರೆ, ಅದು ದೊರೆಯದು. ಕಾರಿನ ಸವಕಳಿ ದರ ಶೇ 15. ಆದರೆ ಆ ಹಣಕಾಸು ವರ್ಷದಲ್ಲಿ ಬಳಕೆ 180 ದಿನಕ್ಕಿಂತ ಕಡಿಮೆಯಾದರೆ ಅದರ ಅರ್ಧ ಮಾತ್ರ. ಚಳಿಗಾಲಕ್ಕೆಂದು ಡಿಸೆಂಬರಿನಲ್ಲಿ ಕೊಳ್ಳುವವರಿಗೆ ಇದೇ ಅನ್ವಯಿಸುತ್ತದೆ. 10 ಲಕ್ಷದ ಕಾರಿಗೆ ಮೊದಲ ವರ್ಷ 75,000, ಮರುವರ್ಷ ಉಳಿದ 9,25,000ದ ಮೇಲೆ 1,38,750. ಇದರಲ್ಲೂ ಸ್ವಂತ ಬಳಕೆಯ ಪಾಲನ್ನು ಕಳೆಯಬೇಕು. ಭಾನುವಾರ ಕುರುಡುಮಲೆಗೆ ಹೋಗಿಬಂದ ಪೆಟ್ರೋಲ್ ಖರ್ಚು ವ್ಯಾಪಾರದ್ದೆಂದು ಅಧಿಕಾರಿಯನ್ನು ಒಪ್ಪಿಸುವುದು ಸುಲಭವಲ್ಲ. ಮುಂದೆ ನೋಂದಾಯಿತ ವರ್ತಕರು ಕಾರನ್ನು ಮಾರುವಾಗ, ಸವಕಳಿ ಕಳೆದ ಮೌಲ್ಯಕ್ಕಿಂತ ಹೆಚ್ಚು ಬಂದ ಮೊತ್ತದ ಮೇಲೆ 2025ರ ಜನವರಿಯಿಂದ ಶೇ 18 ಜಿಎಸ್‌ಟಿ ಇದೆ.

ಕೊಳ್ಳುವ ಮುನ್ನ ನಮೂನೆ 29 ಮತ್ತು 30ಕ್ಕೆ ಮಾರುವವರ ಸಹಿ ಪಡೆಯಬೇಕು. ಸಾಲದ ಅಡಮಾನ ನೋಂದಣಿ ಪತ್ರದಲ್ಲಿದ್ದರೆ ನಮೂನೆ 35, ಕಾರು ಹೊರರಾಜ್ಯದ್ದಾದರೆ ನಮೂನೆ 28ರ ನಿರಾಕ್ಷೇಪಣಾ ಪತ್ರವೂ ಬೇಕು. ಇವು ಕೈಸೇರುವವರೆಗೆ ಮುಂಗಡ ಕೊಡದಿರುವುದು ಲೇಸು.