ಬಾಯಲ್ಲಿ ನೋಯುವ ಗುಳ್ಳೆ: ಎಷ್ಟು ದಿನ ಕಾಯಬಹುದು?

ಅಡಿಕೆ ಸುಲಿಯುವ ದಿನಗಳಲ್ಲಿ ನಮ್ಮ ಸಂತೆಗುಳಿಯ ಕಡೆ ಕವಳದ ಬಟ್ಟಲು ಪಕ್ಕದಲ್ಲೇ ಇರುತ್ತದೆ. ಬಾಯಲ್ಲಿ ಗುಳ್ಳೆ ಎದ್ದರೆ ‘ಉಷ್ಣವಾಯಿತು’ ಎಂದು ಒಂದೆಲಗದ ತಂಬುಳಿ ಉಂಡು ಸುಮ್ಮನಾಗುವುದು ವಾಡಿಕೆ. ಹೆಚ್ಚಿನ ಗುಳ್ಳೆಗಳು ತಾವಾಗಿಯೇ ಮಾಯುವುದೂ ನಿಜ. ಆದರೆ ಎಲ್ಲವೂ ಅಲ್ಲ.

ತುಟಿ, ಕೆನ್ನೆಗಳ ಒಳಗೆ ಅಥವಾ ನಾಲಿಗೆಯ ಅಂಚಿನಲ್ಲಿ, ನಡುವೆ ಬೆಳ್ಳಗೆ ಸುತ್ತ ಕೆಂಪಗೆ ಏಳುವ ಸಾಮಾನ್ಯ ಬಾಯಿಹುಣ್ಣು ಬಹಳ ಉರಿದರೂ ಒಂದೆರಡು ವಾರಗಳಲ್ಲಿ ವಾಸಿಯಾಗುತ್ತದೆ. ಹಲ್ಲು ಕಚ್ಚಿದ್ದು, ನಿದ್ದೆಗೇಡು, ಚಿಂತೆ ಇದಕ್ಕೆ ಕಾರಣವಾಗಬಹುದು. ಮೇಲಿಂದ ಮೇಲೆ ಬರುತ್ತಿದ್ದರೆ ದೇಹದಲ್ಲಿ ಕಬ್ಬಿಣಾಂಶ ಅಥವಾ ಬಿ-12 ಜೀವಸತ್ವ ಕಡಿಮೆಯಾಗಿರಬಹುದು. ರಕ್ತ ಪರೀಕ್ಷೆ ಮಾಡಿಸಬೇಕು. ಮೀನು-ಮಾಂಸ ಉಣ್ಣದ ಮನೆಗಳವರು ಬಿ-12ರ ಕಡೆ ವಿಶೇಷ ಗಮನ ಕೊಡುವುದು ಒಳ್ಳೆಯದು.

ತುಟಿಯಂಚಿನಲ್ಲಿ ಗುಂಪಾಗಿ ಏಳುವ ನೀರ್ಗುಳ್ಳೆ ಸಾಮಾನ್ಯವಾಗಿ ವೈರಾಣುವಿನಿಂದ ಬರುವಂಥದು. ಒಸಡಿನ ಕೀವುಗುಳ್ಳೆಗೆ ಹೆಚ್ಚಾಗಿ ಹುಳುಕು ಹಲ್ಲೇ ಮೂಲ. ಹಲ್ಲಿಗೆ ಚಿಕಿತ್ಸೆಯಾಗದೆ ಅದು ಪೂರ್ತಿ ಹೋಗದು. ಮೊನಚು ಹಲ್ಲು ಒಂದೇ ಕಡೆ ತಾಗುತ್ತಿದ್ದರೂ, ಕವಳಕ್ಕೆ ಸುಣ್ಣ ಹೆಚ್ಚಾದರೂ ಹುಣ್ಣಾಗುತ್ತದೆ.

ಇನ್ನು ಬೆಳೆಗಾರರಾದ ನಾವು ಹೇಳಲು ಹಿಂಜರಿಯುವ ಮಾತು. ತಂಬಾಕು ಸೇರಿಸದಿದ್ದರೆ ಅಡಿಕೆಯಿಂದ ತೊಂದರೆಯಿಲ್ಲವೆಂಬ ನಂಬಿಕೆ ನಮ್ಮಲ್ಲಿದೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನೇ ಕ್ಯಾನ್ಸರ್‌ಕಾರಕವೆಂದು ಹೇಳಿದೆ. ಅಡಿಕೆಯೇ ನಮಗೆ ಅನ್ನ ಕೊಡುವ ಬೆಳೆ. ಹಾಗೆಂದು ಈ ಮಾತನ್ನು ಮುಚ್ಚಿಡಲಾಗದು. ಬಹುಕಾಲ ಜಗಿದವರಲ್ಲಿ ಖಾರ ತಾಗಿದೊಡನೆ ಉರಿಯುವುದು, ಕೆನ್ನೆಯ ಒಳಪದರ ಬಿಳಿಚಿ ಗಡುಸಾಗುವುದು, ಬಾಯಿ ಪೂರ್ತಿ ತೆರೆಯಲಾಗದಿರುವುದು ಕಾಣಬಹುದು. ತಮ್ಮದೇ ಮೂರು ಬೆರಳುಗಳನ್ನು ಒಂದರ ಮೇಲೊಂದಾಗಿ ಹಲ್ಲುಗಳ ನಡುವೆ ಇಡಲಾಗದಿದ್ದರೆ ಕವಳ ನಿಲ್ಲಿಸಿ ವೈದ್ಯರನ್ನು ಕಾಣಬೇಕು.

ನೋವಿನಿಂದ ಅಪಾಯವನ್ನು ಅಳೆಯಬಾರದು. ಕ್ಯಾನ್ಸರಿನ ಹುಣ್ಣು ಮೊದಮೊದಲು ನೋಯದೆಯೂ ಇರಬಹುದು. ಎರಡು ವಾರ ಕಳೆದರೂ ಮಾಯದ ಹುಣ್ಣು, ಗಟ್ಟಿ ಗಂಟು, ಒರೆಸಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಕಾರಣವಿಲ್ಲದೆ ಒಸರುವ ರಕ್ತ, ಇವುಗಳಲ್ಲಿ ಯಾವುದೊಂದು ಕಂಡರೂ ‘ಕೊಯ್ಲು ಮುಗಿಯಲಿ’ ಎನ್ನದೆ ಕುಮಟೆಗೆ ಹೋಗಿ ದಂತವೈದ್ಯರಿಗೆ ತೋರಿಸಬೇಕು. ಬೇಗ ಗುರುತಿಸಿದರೆ ಗುಣವಾಗುವ ಸಂಭವ ಹೆಚ್ಚು.

ಕೊಳೆ ಹಬ್ಬಿದ ಮೇಲೆ ಬೋರ್ಡೋ ಹೊಡೆದು ಫಲವಿಲ್ಲವೆಂದು ಬಲ್ಲವರು ನಾವು. ಬಾಯಿಯ ವಿಷಯದಲ್ಲೂ ಅದೇ ಎಚ್ಚರ ಇರಲಿ.